ಮೂರು ರೆಕ್ಕೆಯ ಚಿಟ್ಟೆ

ಮೊದಲನೆಯದು ಬೀಗದಕ್ಕನ ಕೈಗೆ ಆರು ಬೆರಳು ಅಂಟಿಸಿಬಿಟ್ಟಿತು. ಅವಳಿಗೆ ಎಂಥ ಗಾಬರಿಯಾಯಿತೆಂದರೆ, ಫೋನಿನಿಂದ ಕಣ್ಣು ಕಿತ್ತು ತನ್ನ ಬಲಗೈಯನ್ನು ಮೇಜಿನ ದೀಪದ ಕೆಳಗೆ ಹಿಡಿದು ಬೆರಳು ಎಣಿಸಿಕೊಂಡಳು. ಐದೇ ಇದ್ದವು. ಐವತ್ತೆರಡು ವರ್ಷ ಜೊತೆಗಿದ್ದ ಬೆರಳುಗಳ ಮೇಲೆ ಅನುಮಾನ ಬರಿಸಲು ಎಂಟು ಸೆಕೆಂಡಿನ ವಿಡಿಯೊ ಸಾಕಾಗಿತ್ತು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಅವಳ ಬೀಗದ ಅಂಗಡಿ. ಇಬ್ಬರು ಗಿರಾಕಿಗಳು ಒಳಗೆ ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ಇತ್ತೀಚೆಗೆ ಆ ತೊಂದರೆ ಯಾರಿಗೂ ಆಗಿರಲಿಲ್ಲ. ಎದುರಿಗೆ ಗಾಜಿನ ಗೋಡೆಯ ದೊಡ್ಡ ಹಾರ್ಡ್‌ವೇರ್ ಅಂಗಡಿ ಬಂದು ಏಳು ತಿಂಗಳಾಗಿತ್ತು. ಅಲ್ಲಿ ಕೀಲಿಕೈ ಕೊರೆಯುವ ಯಂತ್ರವಿತ್ತು, ಯಂತ್ರದ ಮೇಲೊಂದು ಟಿವಿ ಇತ್ತು, ಟಿವಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಅದೇ ಯಂತ್ರದ ಜಾಹೀರಾತು ಇತ್ತು. ಇಲ್ಲಿ ಬೀಗದಕ್ಕ ಒಬ್ಬಳಿದ್ದಳು.

ವಿಡಿಯೊ ಮಾಡಿಸೋಣ ಎಂದವನು ಅವಳ ತಮ್ಮ. ಮನೆಮನೆಗೆ ಹೋಗಿ ಬೀಗ ಕೂರಿಸುವುದು ಅವನ ಕೆಲಸ. ಬೀದಿಯವರೆಲ್ಲ ಅವನನ್ನು ಗಡಿಬಿಡಿ ಎನ್ನುತ್ತಿದ್ದರು. ನಲವತ್ತಾರಾದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ, ಬಿಡುವಂಥದ್ದೇನನ್ನೂ ಅವನು ಮಾಡಿರಲಿಲ್ಲ. ಈಗ ಕ್ಯಾಮೆರಾದವರು ಬೇಡ, ನಟರು ಬೇಡ, ಒಂದು ಫೋಟೊ ಕೊಟ್ಟು ಎರಡು ಸಾಲು ಬರೆದರೆ ಎಐ ತಾನೇ ವಿಡಿಯೊ ಮಾಡಿಕೊಡುತ್ತದೆ ಎಂದು ವಾರವೆಲ್ಲ ಅವಳ ತಲೆ ತಿಂದಿದ್ದ. ಹಾಗೆ ಮಾಡಿಕೊಡುವ ಮೂರು ಆ್ಯಪ್‌ಗಳನ್ನು ಹುಡುಕಿದ್ದ. ಮೂರಕ್ಕೂ ಒಂದೇ ಫೋಟೊ, ಒಂದೇ ಮಾತು ಕೊಟ್ಟು ಯಾವುದು ವಾಸಿಯೋ ಅದನ್ನು ಇಟ್ಟುಕೊಳ್ಳುವುದೆಂದು ಮಾತಾಗಿ, ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಇಳಿಸಿ ಅಕ್ಕ ತಮ್ಮ ಪರೀಕ್ಷಕರಂತೆ ಕೂತಿದ್ದರು.

ಫೋಟೊ ಮೂರು ವಾರ ಹಿಂದಿನದು. ಅವಳ ಕೈ, ಕೈಯಲ್ಲಿ ಹೊಸ ಬೀಗದ ಕೀಲಿಕೈ, ಅದಕ್ಕೆ ಕಟ್ಟಿದ ಹಳದಿ ಪಟ್ಟಿ. ದೀಪದ ಬೆಳಕು ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ ತಮ್ಮ ತಡೆಯಲಾರದೆ ತೆಗೆದುಬಿಟ್ಟಿದ್ದ.

ಆ ಪಟ್ಟಿಯ ವಿಷಯ ಹೇಳಬೇಕು. ಅಪ್ಪನ ಕಾಲದಿಂದ ಅಂಗಡಿಯಲ್ಲಿ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಅಂಗಡಿಯಲ್ಲಿ ಬಿಟ್ಟುಹೋದ ಬೀಗದ ಮೇಲೆ ಹೆಸರು, ವಿಳಾಸ ಬರೆಯಕೂಡದು. ಕಳ್ಳನಿಗೆ ಕೀಲಿಕೈ ಸಿಕ್ಕರೂ ಮನೆ ಹುಡುಕುವ ಕಷ್ಟವಾದರೂ ಉಳಿಯಲಿ ಎಂದು ಅಪ್ಪ ಹೇಳುತ್ತಿದ್ದ. ಗಿರಾಕಿಯೇ ಒಂದು ಗುಂಡಿಯನ್ನೋ ದಾರವನ್ನೋ ಗುರುತಿಗೆ ಕಟ್ಟಿಹೋಗಬೇಕು. ಗುರುತು ಹೇಳಿದವರಿಗೆ ಬೀಗ. ಎರಡನೆಯದು ಇನ್ನೂ ಬಿಗಿ. ಕೀಲಿಕೈಯ ಹಲ್ಲನ್ನು ಅದರ ಒಡೆಯರಿಗಲ್ಲದೆ ಬೇರೆ ಯಾರಿಗೂ ತೋರಿಸಕೂಡದು. ಕೊರೆದ ಕೀಲಿಕೈಯನ್ನು ಹಲ್ಲು ಒಳಗೆ ಮಾಡಿ ಬಟ್ಟೆಯಲ್ಲಿ ಸುತ್ತಿಯೇ ಕೊಡಬೇಕು. ಕಸುಬು ಬಲ್ಲವನು ಒಂದು ಸಲ ಹಲ್ಲು ನೋಡಿದರೆ ಕಿಸೆಗೆ ಹಾಕಿಕೊಂಡ ಹಾಗೆಯೇ.

ಹಳದಿ ಪಟ್ಟಿ ಕಟ್ಟಿದವಳು ಲೈಬ್ರರಿ ಮೇಡಂ. ಊರಿನ ಪುಸ್ತಕಾಲಯದಲ್ಲಿ ಕೆಲಸ, ಒಂಬತ್ತು ವರ್ಷದ ಒಬ್ಬಳೇ ಮಗಳು. ಗಂಡನನ್ನು ಬಿಟ್ಟುಬಂದು ಬಾಡಿಗೆ ಮನೆ ಹಿಡಿದಿದ್ದಳು. ಯಾಕೆ ಬಿಟ್ಟೆ ಎಂದು ಬೀಗದಕ್ಕ ಕೇಳಲಿಲ್ಲ. ಎಡಗೈಯ ಮಣಿಕಟ್ಟು ವಕ್ರವಾಗಿ ಕೂಡಿಕೊಂಡದ್ದನ್ನು ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವನು ಹತ್ತಿರ ಸುಳಿಯಬಾರದೆಂದು ಕೋರ್ಟು ಹೇಳಿತ್ತಂತೆ. ಕೋರ್ಟಿನ ಮಾತಿನ ಜೊತೆಗೆ ಒಂದು ಗಟ್ಟಿ ಬೀಗವೂ ಇರಲಿ ಎಂದು ಅವಳು ಬಂದಿದ್ದಳು. ಒಂದೇ ಕೀಲಿಕೈ ಸಾಕೆಂದು ಹಟ ಹಿಡಿದಳು. ಬೀಗದ ಜೊತೆ ಬಂದ ಎರಡನೆಯದನ್ನು ಬೀಗದಕ್ಕ ಅವಳ ಕಣ್ಣೆದುರಿಗೇ ಅರದಿಂದ ಉಜ್ಜಿ ಬೋಳು ಮಾಡಿದಳು. "ಇನ್ನು ಈ ಬಾಗಿಲು ತೆಗೆಯೋ ಕೀ ಇಡೀ ಭೂಮಿ ಮೇಲೆ ಇದೊಂದೇ" ಎಂದಿದ್ದಳು. ಆ ಹೆಂಗಸು ಅಂದು ಮೊದಲ ಸಲ ನಕ್ಕಿದ್ದಳು.

ಗುರುತಿನ ಪಟ್ಟಿ ಮಗಳ ಕೈಕೆಲಸ. ಹಳದಿ ಬಟ್ಟೆಯ ಮೇಲೆ ನೀಲಿ ದಾರದ ಚಿಟ್ಟೆ. ಮೂರೇ ರೆಕ್ಕೆ. ನಾಲ್ಕನೆಯದನ್ನು ಹೊಲಿಯುವ ದಿನವೇ ಅವರು ಆ ಮನೆ ಬಿಟ್ಟು ಹೊರಟಿದ್ದರಂತೆ.

ಫೋಟೊ ಕೊಡುವ ಮುಂಚೆ ಬೀಗದಕ್ಕ ಕಟ್ಟಳೆ ಮರೆತಿರಲಿಲ್ಲ. ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದ್ದಳು. ಕೀಲಿಕೈ ಓರೆಯಾಗಿತ್ತು, ಪುಟ್ಟದಾಗಿತ್ತು, ಹಲ್ಲು ಇರುವೆಯ ಸಾಲಿನಂತೆ ಕಾಣುತ್ತಿತ್ತು. ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಒಪ್ಪಿದ್ದಳು. ತಮ್ಮ ಬರೆದ: ಈ ಕೈ ಕೀಲಿಕೈಯನ್ನು ಬೀಗಕ್ಕೆ ಹಾಕಿ ತಿರುಗಿಸಬೇಕು, ಬಾಗಿಲು ತೆರೆಯಬೇಕು, ಮನೆಯವರು ನಗಬೇಕು.

ಮೊದಲನೆಯದು ಆರು ಬೆರಳಿನದು. ಅದರಲ್ಲಿ ಕೀಲಿಕೈ ಬೀಗದೊಳಗೆ ಹೋಗುವ ಬದಲು ಮೇಣದಂತೆ ಕರಗಿ ಬಾಗಿಲಿಗೆ ಅಂಟಿತು. ಚಿಟ್ಟೆ ಜೀವ ಬಂದು ಹಾರಿಹೋಯಿತು. ಮನೆಯವರು ನಕ್ಕರು, ಆದರೆ ಅವರ ಬಾಯಲ್ಲಿ ಎಷ್ಟು ಹಲ್ಲಿದ್ದವೆಂದರೆ ಗಡಿಬಿಡಿಯೇ ಬೆಚ್ಚಿ ಫೋನನ್ನು ಬೋರಲು ಹಾಕಿದ.

ಎರಡನೆಯದು ನೋಡಲು ಎರಡು ಕಣ್ಣು ಸಾಲದು. ಬೀಗದಕ್ಕನ ಗಂಟುಗಂಟಾದ ಕೈಯನ್ನು ಇಪ್ಪತ್ತು ವರ್ಷದ ಹುಡುಗಿಯ ಕೈ ಮಾಡಿ ಉಗುರಿಗೆ ಬಣ್ಣ ಹಚ್ಚಿತ್ತು. ಬಾಗಿಲು ತೆರೆದಾಗ ಚಿನ್ನದ ಬೆಳಕು ಹರಿಯಿತು, ಸಂಗೀತ ಬಂತು. ತಮ್ಮ ಇದೇ ಆಗಲಿ ಎಂದು ಕುಣಿದ. ಬೀಗದಕ್ಕ ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು, ಆಮೇಲೆ ಬೆರಳಿಟ್ಟು ತೋರಿಸಿದಳು. ಐದು ಹಲ್ಲಿನ ಕೀಲಿಕೈಗೆ ಒಂಬತ್ತು ಹಲ್ಲು. ಒಳಗೆ ಹೋದಾಗ ಒಂಬತ್ತು, ಹೊರಗೆ ಬಂದಾಗ ಏಳು. ಚಿಟ್ಟೆಗೆ ನಾಲ್ಕು ರೆಕ್ಕೆ ಕೊಟ್ಟು ಮಗುವಿನ ಕೆಲಸವನ್ನೂ ತಿದ್ದಿಬಿಟ್ಟಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದಳು. ಯಾರು ಹಲ್ಲು ಎಣಿಸುತ್ತಾರೆ ಎಂದು ತಮ್ಮ ಗೊಣಗಿದ. ನಾನು ಎಣಿಸುತ್ತೇನೆ ಎಂದಳು.

ಮೂರನೆಯದು ಸಾದಾ. ಸಂಗೀತವಿಲ್ಲ, ಚಿನ್ನದ ಬೆಳಕಿಲ್ಲ. ಆದರೆ ಕೈ ಅವಳದೇ, ಹೆಬ್ಬೆರಳಿನ ಹಳೆಯ ಗಾಯದ ಗೆರೆಯ ಸಮೇತ. ಆ ಕೈ ಕೀಲಿಕೈಯನ್ನು ಎತ್ತಿ, ಪೂರ್ತಿ ಬದಿಗೆ ತಿರುಗಿಸಿ, ಪರದೆ ತುಂಬುವಷ್ಟು ಹತ್ತಿರ ತಂದು, ನಿಧಾನವಾಗಿ ಬೀಗಕ್ಕೆ ಹಾಕಿತು. ಹಳದಿ ಪಟ್ಟಿ ತೂಗಿತು. ಚಿಟ್ಟೆಗೆ ಮೂರೇ ರೆಕ್ಕೆ. ಬೀಗದಕ್ಕ ಫೋನಿನ ಮೇಲೆ ಬಾಗಿ ಒಂದೊಂದೇ ಹಲ್ಲಿನ ಆಳವನ್ನು ಮಗ್ಗಿಯಂತೆ ಓದಿದಳು: ಮೂರು, ಒಂದು, ಐದು, ಎರಡು, ನಾಲ್ಕು. ಎಲ್ಲವೂ ಸರಿಯಾಗಿತ್ತು. ಓರೆ ಫೋಟೊದ ಇರುವೆಸಾಲಿನಿಂದ ಅದು ಅಷ್ಟನ್ನೂ ಹೆಕ್ಕಿ ತೆಗೆದಿತ್ತು. "ಇದು ಕಸುಬು ಗೊತ್ತಿರೋದು ಕಣೋ" ಎಂದು ತಮ್ಮನ ಬೆನ್ನಿಗೆ ಗುದ್ದಿದಳು. "ಇದನ್ನೇ ಇಟ್ಕೊಳೋಣ."

ಆ ಕ್ಷಣ ಅವಳಿಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಕೀಲಿಕೈ ಸರಿಯಾಗಿದೆಯೇ ಎಂದು ನೋಡುವುದೇ ಮೂವತ್ತು ವರ್ಷದ ಅಭ್ಯಾಸ. ಸರಿಯಾಗಿರುವುದೇ ತಪ್ಪಾಗಬಹುದೆಂದು ನೋಡಿ ಅವಳಿಗೆ ರೂಢಿಯಿರಲಿಲ್ಲ. ಬೇರೆ ಯಾವ ಅಂಗಡಿಯವರಾದರೂ ಎರಡನೆಯದನ್ನು ಆರಿಸಿ ಬಚಾವಾಗುತ್ತಿದ್ದರು.

ವಿಡಿಯೊ ಸೋಮವಾರ ಬೆಳಿಗ್ಗೆ ಹೊರಬಿತ್ತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತು ಸಾವಿರ ಜನ ನೋಡಿದ್ದರು. ಎಷ್ಟೋ ತಿಂಗಳ ಮೇಲೆ ಮೂರನೆಯ ಗಿರಾಕಿ ಬೀದಿಯಲ್ಲಿ ನಿಂತ. ಔಷಧಿ ಅಂಗಡಿಯವನು ಬಂದು, ನಿಮ್ಮ ಕೈ ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರಲಿಲ್ಲ ಎಂದು ತಮಾಷೆ ಮಾಡಿದ. ಬೀಗದಕ್ಕ ನಾಚಿಕೊಂಡಳು ಕೂಡ. ಆ ಎರಡು ದಿನ ಅವಳಷ್ಟು ಸುಖವಾಗಿದ್ದವರು ಆ ಬೀದಿಯಲ್ಲಿ ಇರಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಅಪ್ಪ ಬಂದ. ಎಪ್ಪತ್ತೊಂಬತ್ತು ವರ್ಷ, ಅಂಗಡಿಗೆ ಬರುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಸರದಿಯಲ್ಲಿದ್ದವರನ್ನು ಸರಿಸಿಕೊಂಡು ಮೇಜಿನ ಬಳಿ ನಿಂತು, ಕಿಸೆಯಿಂದ ಮಡಿಸಿದ ಕರವಸ್ತ್ರ ತೆಗೆದು ಮಗಳ ಮುಂದಿಟ್ಟ. ಒಳಗೆ ಕೀಲಿಕೈ ಇತ್ತು, ಹಲ್ಲು ಒಳಗೆ ಮಾಡಿ ಸುತ್ತಿದ್ದ. ಹಿತ್ತಾಳೆ ಇನ್ನೂ ಬೆಚ್ಚಗಿತ್ತು, ಅರದ ಪುಡಿ ಅಂಟಿಕೊಂಡಿತ್ತು. ಯಾರದು ಎಂದು ಅವಳು ಕೇಳಿದಳು.

"ಅದನ್ನ ನೀನೇ ಹೇಳ್ಬೇಕು" ಎಂದ ಅಪ್ಪ.

ಅವಳು ಹೆಬ್ಬೆರಳನ್ನು ಹಲ್ಲಿನ ಮೇಲೆ ಆಡಿಸಿದಳು. ಮೂರು, ಒಂದು, ಐದು. ಎರಡು, ನಾಲ್ಕನ್ನು ಬೆರಳು ಮುಟ್ಟುವ ಮುಂಚೆಯೇ ಅವಳಿಗೆ ಗೊತ್ತಾಗಿತ್ತು.

ಪಕ್ಕದ ಮನೆಯ ಸೊಸೆ ಅಪ್ಪನಿಗೆ ವಿಡಿಯೊ ತೋರಿಸಿದ್ದಳಂತೆ, ನಿಮ್ಮ ಮಗಳು ನೋಡಿ ಎಂದು. ಅಪ್ಪ ಅದನ್ನು ಒಂದು ಕಡೆ ನಿಲ್ಲಿಸಿ ಎಂದ. ಅವಳು ನಿಲ್ಲಿಸಿದಳು. ಟೀ ಆರುವಷ್ಟರಲ್ಲಿ ಕೀಲಿಕೈ ತಯಾರಾಯಿತು. ಇಷ್ಟನ್ನೂ ಅಪ್ಪ ಗಿರಾಕಿಗಳಿಗೆ ಕೇಳಿಸದ ಹಾಗೆ ಹೇಳಿದ. ಅವನು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ನನ್ನ ಕಣ್ಣು ಈಗ ಅರ್ಧ ಸತ್ತಿದೆ. ನನಗೇ ಇಷ್ಟು ಸುಲಭ ಆಯ್ತು" ಎಂದ. "ಬೇಲಿನೇ ಎದ್ದು ಹೊಲ ಮೇಯ್ತು ಮಗಳೇ" ಎಂದ.

ವಿಳಾಸವಿಲ್ಲದ ಕೀಲಿಕೈಯಿಂದ ಏನಾಗುತ್ತದೆ, ಊರಲ್ಲಿ ಲಕ್ಷ ಬಾಗಿಲಿವೆ ಎಂದು ಗಡಿಬಿಡಿ ಬಾಯಿ ಹಾಕಿದ. ಬೀಗದಕ್ಕನಿಗೂ ಅರೆಗಳಿಗೆ ಆ ಹುಲ್ಲುಕಡ್ಡಿ ಸಾಕೆನಿಸಿತು. ಆಮೇಲೆ ಚಿಟ್ಟೆ ನೆನಪಾಯಿತು. ನಲವತ್ತು ಸಾವಿರ ಜನರಿಗೆ ಅದು ಹಳದಿ ಚಿಂದಿ. ಆ ಚಿಟ್ಟೆಯ ಮೊದಲ ಮೂರು ರೆಕ್ಕೆ ಹೊಲಿಯುವುದನ್ನು ಮನೆಯಲ್ಲಿ ಕೂತು ನೋಡಿದವನು ಮಾತ್ರ ಒಬ್ಬನಿದ್ದ. ಬಾಡಿಗೆ ಮನೆಯ ವಿಳಾಸವೂ ಕೋರ್ಟಿನ ಕಾಗದದಿಂದ ಅವನಿಗೆ ಗೊತ್ತಾಗಿದೆಯೆಂದು ಮೇಡಂ ಅಂದೇ ಹೇಳಿದ್ದಳು. ಅವನಿಗೆ ಇಲ್ಲದೆ ಇದ್ದದ್ದು ಕೀಲಿಕೈ ಒಂದೇ. ಅದನ್ನು ಅವಳೇ, ಇಂಥದ್ದೇ ಬೇಕೆಂದು ಹಟ ಮಾಡಿ ಆರಿಸಿ, ಅವನ ಫೋನಿಗೆ ಕಳಿಸಿದ್ದಳು.

ವಿಡಿಯೊ ಅಳಿಸು ಎಂದಳು ತಮ್ಮನಿಗೆ. ಅವನು ಅಳಿಸಿದ. ಆದರೆ ಆಗಲೇ ಯಾರು ಯಾರೋ ಅದನ್ನು ಇಳಿಸಿಕೊಂಡು ತಮ್ಮ ತಮ್ಮ ಬಳಗಕ್ಕೆ ಹಂಚಿದ್ದರು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಬೀಗದಕ್ಕ ಉಪಕರಣದ ಚೀಲಕ್ಕೆ ಹೊಸ ಬೀಗ, ಡ್ರಿಲ್ಲು, ಕಣ್ಣಿಗೆ ಬಿದ್ದ ಒಂದು ದಪ್ಪ ಚಿಲಕವನ್ನೂ ಎಸೆದುಕೊಂಡು, ಅಪ್ಪ ಕೊರೆದ ಕೀಲಿಕೈಯನ್ನು ಕರವಸ್ತ್ರದ ಸಮೇತ ಮುಷ್ಟಿಯಲ್ಲಿ ಹಿಡಿದು ಬೀದಿಗಿಳಿದಳು. ಆಟೋದಲ್ಲಿ ಮೇಡಂಗೆ ನಾಲ್ಕು ಸಲ ಫೋನ್ ಮಾಡಿದಳು. ಫೋನ್ ಆಫ್ ಆಗಿತ್ತು.

ಮನೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲ ಬಳಿ ಯಾರದೋ ಸೈಕಲ್ಲು, ಒಣಹಾಕಿದ ನೆಲ ಒರೆಸುವ ಬಟ್ಟೆ. ಬಾಗಿಲು ಮುಚ್ಚಿತ್ತು. ಅಂದು ತಮ್ಮನನ್ನು ಕಳಿಸದೆ ತಾನೇ ಬಂದು ಕೂರಿಸಿದ ಬೀಗ ಹೊಳೆಯುತ್ತಿತ್ತು, ಗೀರು ಕೂಡ ಬಿದ್ದಿರಲಿಲ್ಲ. ಬೆಲ್ ಒತ್ತಿದಳು, ಸದ್ದಾಗಲಿಲ್ಲ. ಎರಡು ಸಲ ಬಾಗಿಲು ತಟ್ಟಿದಳು. ಬುಧವಾರ, ಹನ್ನೆರಡು ಗಂಟೆ. ತಾಯಿ ಲೈಬ್ರರಿಯಲ್ಲಿ, ಮಗಳು ಶಾಲೆಯಲ್ಲಿ, ಮತ್ತೆಲ್ಲಿರುತ್ತಾರೆ? ಅವರು ಬರುವುದರೊಳಗೆ ಬೀಗ ಬದಲಾಯಿಸಿ, ಹೊಸ ಕೀಲಿಕೈ ಹಿಡಿದು ಹೊಸಿಲಲ್ಲೇ ಕೂತಿದ್ದು ಕಾಲು ಹಿಡಿಯುವುದೆಂದು ಲೆಕ್ಕ ಹಾಕಿದಳು. ಬದಲಾಯಿಸಬೇಕೆಂದರೆ ಬಾಗಿಲು ತೆರೆದಿರಬೇಕು. ಕೈಯಲ್ಲಿ ಕೀಲಿಕೈ ಇದೆ. ಕಸುಬಿನ ಬುದ್ಧಿ ಅಷ್ಟಕ್ಕೇ ನಿಂತಿತು. ಅರ್ಧ ಸತ್ತ ಕಣ್ಣಿನವನು ಫೋನ್ ನೋಡಿ ಮಾಡಿದ್ದು, ತಿರುಗುವುದಿಲ್ಲ ಎಂಬ ಆಸೆಯೂ ಒಳಗೆಲ್ಲೋ ಇತ್ತು.

ಕೀಲಿಕೈ ಸರಾಗವಾಗಿ ಒಳಗೆ ಹೋಯಿತು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ತಿರುಗಿತು. ಕಟ್ ಎಂದಿತು.

ಬಾಗಿಲು ಒಂದು ಗೇಣು ತೆರೆದು ಯಾವುದಕ್ಕೋ ತಾಗಿ ನಿಂತಿತು. ಒಳಗಿನಿಂದ ಮೇಜು ಅಡ್ಡ ಇಟ್ಟಿದ್ದರು. ಆ ಗೇಣಿನ ಸಂದಿಯಲ್ಲಿ ಲೈಬ್ರರಿ ಮೇಡಂ ನಿಂತಿದ್ದಳು, ಎರಡೂ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಕತ್ತಿನಲ್ಲಿ ದಾರಕ್ಕೆ ಪೋಣಿಸಿದ ಕೀಲಿಕೈ ತೂಗುತ್ತಿತ್ತು, ಇಡೀ ಭೂಮಿಯ ಮೇಲೆ ಒಂದೇ ಒಂದು ಎಂದು ಬೀಗದಕ್ಕ ಕೊಟ್ಟಿದ್ದು. ಮೇಜಿನ ಕೆಳಗೆ ಮಗಳು ಶಾಲೆಯ ಚೀಲವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು.

ಮೂವತ್ತು ವರ್ಷ ಬೀಗದಕ್ಕ ಬಾಗಿಲಿನ ಹೊರಗಡೆ ನಿಂತು ಬೀಗ ತೆಗೆದವಳು. ಒಳಗಿರುವವರಿಗೆ ಆ ಕಟ್ ಎಂಬ ಸದ್ದು ಹೇಗೆ ಕೇಳಿಸುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ. ಈಗ ಆ ಮುಖದಲ್ಲಿ ಕಂಡಿತು. ಅವಳು ಅಲ್ಲೇ ಮೆಟ್ಟಿಲ ಬಳಿ ಕೂತುಬಿಟ್ಟಳು.

ಇಸ್ತ್ರಿಪೆಟ್ಟಿಗೆ ಕೆಳಗಿಳಿಯಲು ತುಂಬ ಹೊತ್ತು ಹಿಡಿಯಿತು. ಬೀಗದಕ್ಕ ಹೇಳಬೇಕಾದ್ದನ್ನೆಲ್ಲ ಹೇಳಿದಳು: ಫೋಟೊ, ಮೂರು ವಿಡಿಯೊ, ತಾನೇ ಆರಿಸಿದ್ದು, ಅಪ್ಪನ ಕರವಸ್ತ್ರ. ತಮ್ಮನ ಮೇಲೆ ಒಂದು ಮಾತೂ ಹಾಕಲಿಲ್ಲ. ಮೇಡಂ ಆ ವಿಡಿಯೊ ನೋಡಿಯೇ ಇರಲಿಲ್ಲ. ಆದರೂ ಕೇಳುತ್ತಾ ಹೋದಂತೆ ಅವಳ ಮುಖದಲ್ಲಿ ಏನೋ ಒಂದಕ್ಕೊಂದು ಕೂಡಿಕೊಳ್ಳುತ್ತಿತ್ತು.

"ನಿನ್ನೆ ರಾತ್ರಿ ಅವರು ಫೋನ್ ಮಾಡಿದ್ರು" ಎಂದಳು. "ಬೈಯಲಿಲ್ಲ, ಏನಿಲ್ಲ. ಚಿಟ್ಟೆಗೆ ನಾಲ್ಕನೇ ರೆಕ್ಕೆ ಇನ್ನೂ ಹಾಕಿಲ್ವಾ ಅಂತ ಕೇಳಿದ್ರು, ಅಷ್ಟೇ. ಇನ್ನೂ ಹಾಕಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಯ್ತು ಅಂತ ಬೆಳಗಿನ ತನಕ ಕೂತು ಯೋಚನೆ ಮಾಡ್ದೆ."

ಬೀಗದಕ್ಕ ಬೀಗದಲ್ಲೇ ಉಳಿದಿದ್ದ ಕೀಲಿಕೈಯನ್ನು ಕಿತ್ತುಕೊಂಡಳು.

ಪೊಲೀಸರಿಗೆ ಬೆಳಿಗ್ಗೆಯೇ ಹೇಳಿದ್ದಳಂತೆ. ಚಿಟ್ಟೆಯ ಬಗ್ಗೆ ಕೇಳುವುದು ಅಪರಾಧವಲ್ಲ ಎಂದು ಅವರು ಸಮಾಧಾನ ಹೇಳಿದ್ದರು. ಪರವೂರಿನಲ್ಲಿರುವ ಅಣ್ಣನಿಗೂ ತಿಳಿಸಿದ್ದಳು; ಅವನು ಸಂಜೆ ಆರರ ಬಸ್ಸಿಗೆ ಬಂದು ತಾಯಿ ಮಗಳನ್ನು ಕರೆದೊಯ್ಯುವವನಿದ್ದ. ಸಂಜೆ ಆರರವರೆಗೆ ಈ ಬಾಗಿಲು ತಡೆಯಬೇಕಿತ್ತು. ಬೀಗದಕ್ಕ ಈಗಲೇ ಠಾಣೆಗೆ ತಾನೇ ಹೋಗಿ ಹೇಳುತ್ತೇನೆಂದಳು, ಕೀಲಿಕೈಯನ್ನೂ ವಿಡಿಯೊವನ್ನೂ ಅವರ ಮುಂದಿಡುತ್ತೇನೆಂದಳು. ಮೊದಲು ಬಾಗಿಲು ಎಂದಳು ಮೇಡಂ.

ಬೀಗದಕ್ಕ ಚೀಲದಿಂದ ಹೊಸ ಬೀಗ ತೆಗೆದಾಗ ಮೇಡಂ ಬೇಡವೆಂದು ತಲೆಯಾಡಿಸಿದಳು. "ಕೀ ಇರೋದು ಬೇಡ" ಎಂದಳು. ಒರಟಾಗಿ ಹೇಳಲಿಲ್ಲ, ಅಂಗಡಿಯಲ್ಲಿ ಬೇರೆ ಬಣ್ಣ ತೋರಿಸಿ ಎನ್ನುವಂತೆ ಹೇಳಿದಳು. ಬೀಗದಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು, ಆದರೆ ಹೊಡೆಸಿಕೊಳ್ಳುವುದು ನ್ಯಾಯವೇ ಆಗಿತ್ತು. ಬೀಗವನ್ನು ಚೀಲಕ್ಕೆ ಹಾಕಿ ಚಿಲಕ ತೆಗೆದಳು. ಹೊರಗಿನಿಂದ ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಒಂದು ತೂತೂ ಇಲ್ಲ. ಒಳಗಿನಿಂದ ಕೈಯಲ್ಲಿ ಎಳೆದರೆ ಮಾತ್ರ ಉಂಟು.

ಅವಳು ಡ್ರಿಲ್ಲು ಹಿಡಿದು ತೂತು ಕೊರೆಯುತ್ತಿದ್ದಾಗ ಮಗಳು ಮೇಜಿನ ಕೆಳಗಿನಿಂದ ಹೊರಗೆ ಬಂದು ಪಕ್ಕದಲ್ಲಿ ನಿಂತಳು. "ಕೀ ಅಮ್ಮನ ಹತ್ರ ಇತ್ತಲ್ಲ. ನೀವು ಹೇಗೆ ಒಳಗೆ ಬಂದ್ರಿ?" ಎಂದು ಕೇಳಿದಳು. ಬೀಗಗಳ ಬಗ್ಗೆ ಯಾರು ಏನು ಕೇಳಿದರೂ ಬೀಗದಕ್ಕನ ನಾಲಿಗೆಯ ತುದಿಯಲ್ಲಿ ಉತ್ತರವಿರುತ್ತಿತ್ತು. ಈಗ ಅವಳು ಮೊಳೆ ಹುಡುಕುವ ನೆಪದಲ್ಲಿ ಚೀಲದೊಳಗೆ ಮುಖ ಹಾಕಿದಳು.

ಒಂದು ಮೊಳೆ ಹಾಕಬೇಕಾದಲ್ಲಿ ಎರಡು ಹಾಕಿದಳು. ಚಿಲಕ ಹೋಗಿ ಕೂರುವ ಗೋಡೆಯ ಕಡೆಯ ಕಬ್ಬಿಣಕ್ಕೆ ತನ್ನಲ್ಲಿದ್ದ ಅತಿ ಉದ್ದನೆಯವನ್ನು ಹೊಡೆದಳು. ಅಪ್ಪ ಕೊರೆದ ಕೀಲಿಕೈಯನ್ನು ಅಲ್ಲೇ ಅರಕ್ಕೆ ಕೊಟ್ಟು ಬೋಳು ಮಾಡಹೊರಟವಳು, ಠಾಣೆಯಲ್ಲಿ ತೋರಿಸಬೇಕೆಂದು ನೆನಪಾಗಿ ನಿಲ್ಲಿಸಿ, ಹಲ್ಲು ಒಳಗೆ ಮಾಡಿ ಕರವಸ್ತ್ರದಲ್ಲಿ ಸುತ್ತಿದಳು. ಅಭ್ಯಾಸ ಬಲ. ಈಗ ಅದನ್ನು ಯಾರಿಂದ ಮುಚ್ಚಿಡುವುದೆಂದು ಅವಳಿಗೇ ಗೊತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಹೊರಗೆ ಬಂದು ನಿಂತಳು. ಬಾಗಿಲು ಮುಚ್ಚಿತು. ಒಳಗೆ ಚಿಲಕ ಜರುಗಿ ಕೂತ ಸದ್ದು ಕೇಳಿಸಿತು. ಠಾಣೆಗೆ ಹೊರಡಬೇಕೆಂದು ಅವಳು ಮೆಟ್ಟಿಲ ಕಡೆ ತಿರುಗುವಾಗ ಒಳಗಿನಿಂದ ಮೇಡಂ ದನಿ ಬಂತು.

"ತಳ್ಳಿ ನೋಡಿ."

ಅವಳು ಅಂಗೈಯಿಟ್ಟು ತಳ್ಳಿದಳು. ಬಾಗಿಲು ಅಲ್ಲಾಡಲಿಲ್ಲ.

"ಹಾಗಲ್ಲ" ಎಂದಿತು ದನಿ. "ಅವರು ತಳ್ಳೋ ಹಾಗೆ."

ಬೀಗದಕ್ಕ ಚೀಲವನ್ನು ನೆಲದ ಮೇಲಿಟ್ಟಳು. ಎರಡು ಹೆಜ್ಜೆ ಹಿಂದೆ ಹೋಗಿ ಭುಜ ಕೊಟ್ಟು ಬಾಗಿಲಿಗೆ ಗುದ್ದಿದಳು. ಬಾಗಿಲು ಧಡ್ ಎಂದಿತು, ಚಿಲಕ ಹಿಡಿದು ನಿಂತಿತು. ಅವಳು ಕಾಯುತ್ತಾ ನಿಂತಳು. ಭುಜ ಉರಿಯುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

"ಇನ್ನೊಂದ್ ಸಲ" ಎಂದಳು ಮಗಳು, ಬಾಗಿಲಿಗೆ ತುಂಬ ಹತ್ತಿರದಿಂದ.

ಬೀಗದಕ್ಕ ಮತ್ತೆ ಎರಡು ಹೆಜ್ಜೆ ಹಿಂದೆ ಹೋದಳು. ಎದುರುಮನೆಯವರು ಬಾಗಿಲು ತೆರೆದು, ಏನಮ್ಮ ಇದು ಎಂದು ಕೇಳಿದರು. ಅವಳು ಅವರಿಗೆ ಉತ್ತರ ಕೊಡದೆ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಾಗಿಲಿಗೆ ಗುದ್ದಿದಳು.